ಕುಸುಬೆಯ ಹೇನು: ಔಷಧಿಗಿಂತ ಮೊದಲು ಕಣ್ಣು ಬೇಕು

ಹಿಂಗಾರಿಯಲ್ಲಿ ಕುಸುಬೆ ಬೆಳೆಯುವ ರೈತ ಬಾಂಧವರು ಡಿಸೆಂಬರ್ ತಿಂಗಳ ಚಳಿ ಬಿದ್ದೊಡನೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಹೇನು ಬಿದ್ದೈತ್ರಿ, ಯಾವ ಎಣ್ಣಿ ಹೊಡೀಬೇಕು?" ಇದಕ್ಕೆ ಉತ್ತರ ಕೊಡುವುದು ಬಹು ಸುಲಭ. ಔಷಧಿಯ ಹೆಸರು ಬರೆದು, ಲೀಟರ್ ನೀರಿಗೆ ಇಷ್ಟು ಮಿಲಿ ಲೀಟರ್ ಎಂದು ಹೇಳಿದರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಆದರೆ ಹೇನು ಹೊಲದ ಯಾವ ಭಾಗದಲ್ಲಿದೆ, ಗಿಡದ ಯಾವ ಭಾಗದಲ್ಲಿದೆ, ಬೆಳೆಗೆ ಎಷ್ಟು ದಿನವಾಗಿದೆ ಎಂಬ ಮೂರು ಸಂಗತಿಗಳು ತಿಳಿಯದೆ ಕೊಟ್ಟ ಉತ್ತರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಹೇನಿನ ಹತೋಟಿಯಲ್ಲಿ ಮೊದಲ ಸ್ಥಾನ ಕಣ್ಣಿಗೆ, ಎರಡನೆಯ ಸ್ಥಾನ ಕಾಲಕ್ಕೆ, ಮೂರನೆಯ ಸ್ಥಾನ ಔಷಧಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇಂದು ಈ ಅನುಕ್ರಮ ತಲೆಕೆಳಗಾಗಿದೆ.

ಕುಸುಬೆಯನ್ನೇ ಇಲ್ಲಿ ಆರಿಸಿಕೊಳ್ಳಲು ಕಾರಣವಿದೆ. ವಿಜಯಪುರ, ಕಲಬುರಗಿ, ಬೀದರ, ಬಾಗಲಕೋಟೆ, ಗದಗ, ಧಾರವಾಡ ಜಿಲ್ಲೆಗಳ ಎರೆಭೂಮಿಗೆ ಇದು ಒಪ್ಪುವ ಬೆಳೆ. ತಾಯಿಬೇರು ಆಳಕ್ಕೆ ಇಳಿದು, ಭೂಮಿಯಲ್ಲಿ ಉಳಿದ ತೇವಾಂಶದ ಮೇಲೆಯೇ ಬದುಕುತ್ತದೆ. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಅಣ್ಣಿಗೇರಿ-1 ತಳಿಯ ಹೆಸರು ಹಳೆಯ ಬೆಳೆಗಾರರಿಗೆಲ್ಲ ಗೊತ್ತು. ಆದರೆ ಹಿಂದೆ ಇದ್ದ ವಿಸ್ತೀರ್ಣ ಇಂದು ಉಳಿದಿಲ್ಲ. ಮುಳ್ಳಿನ ಗಿಡ ಕೊಯ್ಯಲು ಆಳು ಸಿಗುವುದಿಲ್ಲ, ಬೆಲೆ ನಂಬುವಂತಿಲ್ಲ, ಕಡಲೆ ಲಾಭಕರ ಎಂಬ ಕಾರಣಗಳ ಜೊತೆಗೆ ಹೇನಿನ ಖರ್ಚೂ ಸೇರಿಕೊಂಡಿದೆ. ನಮ್ಮ ದೇಶ ತಾನು ತಿನ್ನುವ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತಿರುವಾಗ, ನೀರು ಕೇಳದ ಎಣ್ಣೆಕಾಳಿನ ಬೆಳೆಯೊಂದು ಹೇನಿನ ಭಯದಿಂದ ಹೊಲ ಬಿಟ್ಟು ಹೋಗುವುದು ಒಳ್ಳೆಯ ಲಕ್ಷಣವಲ್ಲ. ಅದರಲ್ಲೂ ಈ ಭಯ ಬಹುಮಟ್ಟಿಗೆ ತಪ್ಪಿಸಬಹುದಾದದ್ದು.

ವಾರಕ್ಕೆ ಐದು ಪಟ್ಟು

ಹೇನು ಇತರ ಕೀಟಗಳಂತಲ್ಲ. ಕಾಯಿಕೊರಕದ ಪತಂಗ ಬಂದು, ಕೂಡಿ, ಮೊಟ್ಟೆಯಿಟ್ಟು, ಮೊಟ್ಟೆಯೊಡೆದು ಮರಿಯಾಗಬೇಕು. ನಮ್ಮ ಹವೆಯಲ್ಲಿ ಬೆಳೆಯ ಮೇಲೆ ಕಾಣುವ ಹೇನುಗಳೆಲ್ಲ ಸಾಮಾನ್ಯವಾಗಿ ಹೆಣ್ಣುಗಳೇ. ಗಂಡಿನ ಸಹವಾಸವಿಲ್ಲದೆ ನೇರವಾಗಿ ಜೀವಂತ ಮರಿಗಳನ್ನು ಹಾಕುತ್ತವೆ. ಅಷ್ಟೇ ಅಲ್ಲ, ಹುಟ್ಟುವ ಮರಿಯ ಹೊಟ್ಟೆಯಲ್ಲಿ ಮುಂದಿನ ಪೀಳಿಗೆಯ ಭ್ರೂಣ ಆಗಲೇ ಬೆಳೆಯಲು ಆರಂಭಿಸಿರುತ್ತದೆ. ತಾಯಿ, ಮಗಳು, ಮೊಮ್ಮಗಳು ಮೂವರೂ ಒಂದೇ ದೇಹದಲ್ಲಿ! ಅನುಕೂಲವಾದ ಹವೆ ಇದ್ದರೆ ಮರಿ ಒಂದು ವಾರದಿಂದ ಹತ್ತು ದಿನಗಳೊಳಗೆ ತಾನೇ ತಾಯಿಯಾಗುತ್ತದೆ.

ಲೆಕ್ಕಕ್ಕಾಗಿ ಒಂದು ಮಾತು ಹಿಡಿಯೋಣ. ಹೇನಿನ ಸಂಖ್ಯೆ ಸುಮಾರು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದುಕೊಂಡರೆ, ವಾರಕ್ಕೆ ಐದು ಪಟ್ಟು ಆಗುತ್ತದೆ. ಇಂದು ಒಂದು ಗಿಡದ ಕುಡಿಯಲ್ಲಿ 5 ಹೇನು ಇದ್ದರೆ, ಮುಂದಿನ ವಾರ 25, ಅದರ ಮುಂದಿನ ವಾರ 125, ಮೂರನೆಯ ವಾರ 625. ಐದು ಹೇನು ಇದ್ದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಇಪ್ಪತ್ತೈದು ಇದ್ದಾಗ "ಅಷ್ಟೇನಿಲ್ಲ" ಎನ್ನುತ್ತೇವೆ. ಆರುನೂರು ಆದಾಗ "ರಾತ್ರೋರಾತ್ರಿ ಬಂತು" ಎಂದು ಹೌಹಾರುತ್ತೇವೆ. ಅದು ರಾತ್ರೋರಾತ್ರಿ ಬಂದದ್ದಲ್ಲ. ಮೂರು ವಾರದಿಂದ ನಮ್ಮ ಹೊಲದ ಬದುವಿನ ಪಕ್ಕದಲ್ಲೇ ಕುಳಿತು ಸಂಸಾರ ಬೆಳೆಸುತ್ತಿತ್ತು.

ಇದೇ ಲೆಕ್ಕ ಇನ್ನೊಂದು ಪಾಠವನ್ನೂ ಹೇಳುತ್ತದೆ. ಒಂದು ಸಿಂಪರಣೆಯಿಂದ ನೂರರಲ್ಲಿ ಎಂಬತ್ತು ಹೇನು ಸತ್ತವು ಎನ್ನೋಣ. ಉಳಿದದ್ದು ಇಪ್ಪತ್ತು, ಅಂದರೆ ಐದನೇ ಒಂದು ಪಾಲು. ವಾರಕ್ಕೆ ಐದು ಪಟ್ಟು ಬೆಳೆಯುವ ಪೀಡೆಯಲ್ಲಿ ಐದನೇ ಒಂದು ಪಾಲು ಉಳಿದರೆ, ನಾವು ಖರ್ಚು ಮಾಡಿ ಕೊಂಡದ್ದು ಕೇವಲ ಒಂದು ವಾರದ ಅವಧಿ. ಆ ಔಷಧಿ ಹೇನಿನ ಜೊತೆಗೆ ಹೇನನ್ನು ತಿನ್ನುವ ಹುಳುಗಳನ್ನೂ ಕೊಂದಿದ್ದರೆ, ಎಂಟನೆಯ ದಿನ ಹೊಲ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬರಬಹುದು. "ಔಷಧಿ ನಕಲಿ ಇತ್ತು" ಎಂದು ಅಂಗಡಿಯವರೊಡನೆ ಜಗಳವಾಡುವ ಮುನ್ನ ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಹೇನು ಕುಡಿಯಲ್ಲೇ ಏಕೆ ಕೂರುತ್ತದೆ?

ಹೇನು ಸೂಜಿಯಂತಹ ಬಾಯಿಯನ್ನು ಗಿಡದ ಆಹಾರನಾಳಕ್ಕೆ ಚುಚ್ಚಿ ರಸ ಹೀರುತ್ತದೆ. ಈ ರಸದಲ್ಲಿ ಸಕ್ಕರೆ ವಿಪುಲ, ಸಾರಜನಕ ಬಹಳ ಕಡಿಮೆ. ಮರಿ ಬೆಳೆಯಲು ಬೇಕಾದದ್ದು ಸಾರಜನಕ. ಆದ್ದರಿಂದ ಹೇನು ಅಗತ್ಯಕ್ಕಿಂತ ಹೆಚ್ಚು ರಸ ಕುಡಿದು, ಬೇಡವಾದ ಸಕ್ಕರೆ ನೀರನ್ನು ಹಿಂದಿನಿಂದ ಹೊರಹಾಕುತ್ತದೆ. ಕೆಳಗಿನ ಎಲೆಗಳ ಮೇಲೆ ಕಾಣುವ ಅಂಟು ಇದೇ. ಇದಕ್ಕೆ ಇರುವೆ ಮುತ್ತುತ್ತದೆ, ಇದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಗಿಡ ತನ್ನ ಸಾರಜನಕವನ್ನು ಎಲ್ಲೆಡೆ ಸಮನಾಗಿ ಹಂಚುವುದಿಲ್ಲ. ಎಳೆಯ ಕುಡಿ, ಬಿಚ್ಚುತ್ತಿರುವ ಎಲೆ, ಮೊಗ್ಗು, ಹೂತೆನೆಯ ಬುಡ ಇಂಥ ಬೆಳೆಯುವ ಭಾಗಗಳಿಗೆ ಹೆಚ್ಚಾಗಿ ಕಳಿಸುತ್ತದೆ. ಬಲಿತ ಎಲೆಯಲ್ಲಿ ಹರಿಯುವ ರಸ ಹೇನಿಗೆ ತೆಳುವಾದ ಅಂಬಲಿಯಾದರೆ, ಕುಡಿಯಲ್ಲಿ ಹರಿಯುವುದು ಗಟ್ಟಿ ಹಾಲು. ಆದ್ದರಿಂದಲೇ ಕುಸುಬೆಯ ಹೊಳೆಯುವ ಕರಿ ಹೇನು ಗಿಡ ಮೇಲಕ್ಕೆ ಚಿಗಿಯಲು ಆರಂಭಿಸಿದಾಗ ನಡುಕಾಂಡದ ತುದಿಯಲ್ಲಿ ಮತ್ತು ಎಳೆಯ ಎಲೆಗಳ ಕೆಳಭಾಗದಲ್ಲಿ ಕೂರುತ್ತದೆ. ಕವಲೊಡೆದಾಗ ಕವಲಿನ ತುದಿಗಳಿಗೆ ಹರಡುತ್ತದೆ. ಮೊಗ್ಗು ಬಂದಾಗ ಹೂತೆನೆಯ ಕೆಳಗಿನ ತೊಟ್ಟಿಗೆ ಏರುತ್ತದೆ. ಗಿಡದ ಬೆಳವಣಿಗೆ ಎಲ್ಲಿಗೆ ಹೋಗುತ್ತದೋ ಹೇನು ಅಲ್ಲಿಗೆ ಹೋಗುತ್ತದೆ.

ಹಾಗೆಂದು ಎಲ್ಲಾ ಹೇನುಗಳೂ ಕುಡಿಯನ್ನೇ ಹುಡುಕುತ್ತವೆ ಎಂದು ತಿಳಿಯಬಾರದು. ಪಕ್ಕದ ಹಿಂಗಾರಿ ಜೋಳವನ್ನೇ ನೋಡಿ. ಅಲ್ಲಿ ಎರಡು ಬಗೆಯ ಹೇನುಗಳಿವೆ. ನೀಲಿ ಮಿಶ್ರಿತ ಹಸಿರು ಬಣ್ಣದ ಹೇನು ಸುಳಿಯೊಳಗೆ ಗುಂಪಾಗಿ ಕೂರುತ್ತದೆ. ತಿಳಿಹಳದಿ ಬಣ್ಣದ, ಕಬ್ಬಿಗೂ ಬರುವ ಇನ್ನೊಂದು ಹೇನು ಕೆಳಗಿನ ಬಲಿತ ಎಲೆಗಳ ಹಿಂಬದಿಯಲ್ಲಿ ಆರಂಭವಾಗಿ ಮೇಲಕ್ಕೆ ಏರುತ್ತದೆ. ಬಲಿತ ಎಲೆಯನ್ನು ಅದು ಮೆಚ್ಚುವುದಕ್ಕೂ ಕಾರಣವಿದೆ. ಎಲೆ ಮುದಿಯಾಗುವಾಗ ಗಿಡ ಅದರೊಳಗಿನ ಸಾರಜನಕವನ್ನು ಕರಗಿಸಿ ಮೇಲಕ್ಕೆ ಸಾಗಿಸುತ್ತದೆ. ಆ ಹೊತ್ತಿನಲ್ಲಿ ಆ ರಸವೂ ಪುಷ್ಟಿಯಾಗಿರುತ್ತದೆ. ಒಂದು ಜಾತಿ ಸಾರಜನಕ ಬರುವ ದಾರಿಯಲ್ಲಿ ಕಾಯುತ್ತದೆ, ಇನ್ನೊಂದು ಹೋಗುವ ದಾರಿಯಲ್ಲಿ ಕಾಯುತ್ತದೆ. ಸುಳಿಯನ್ನು ಮಾತ್ರ ನೋಡಿ "ನಮ್ಮ ಜೋಳಕ್ಕೆ ಹೇನಿಲ್ಲ" ಎಂದವರು ಕೆಳಗಿನ ಎಲೆ ತಿರುವಿದರೆ ಬೇರೆಯೇ ಮಾತು ಹೇಳಬೇಕಾಗಬಹುದು.

ಸಾಸಿವೆಯ ಬಳಗ ಕಲಿಸಿದ್ದು

ಗಿಡದ ಯಾವ ಭಾಗದಲ್ಲಿ ಹೇನು ಎಂಬ ವಿಷಯ ಸಾಸಿವೆಯ ಬಳಗದ ಬೆಳೆಗಳಲ್ಲಿ ಚೆನ್ನಾಗಿ ಅಭ್ಯಾಸವಾಗಿದೆ. ಕೆನಡಾದಲ್ಲಿ ತಳಿ ಅಭಿವೃದ್ಧಿ ಮಾಡಿದ ಕ್ಯಾನೋಲಾ ಎಂಬ ಎಣ್ಣೆಕಾಳು ಈ ಬಳಗದ್ದೇ. ಆಸ್ಟ್ರೇಲಿಯಾದಲ್ಲಿ ಅದನ್ನು ಚಳಿಗಾಲದ ಬೆಳೆಯಾಗಿ ವಿಶಾಲ ಹೊಲಗಳಲ್ಲಿ ಬೆಳೆಯುತ್ತಾರೆ. ಅಲ್ಲಿ ಕ್ಯಾನೋಲಾಕ್ಕೆ ಮುಖ್ಯವಾಗಿ ಮೂರು ಹೇನುಗಳು ಬರುತ್ತವೆ. ಬೂದಿ ಬಳಿದಂತಿರುವ ಕೋಸಿನ ಹೇನು ಮತ್ತು ಟರ್ನಿಪ್ ಹೇನು, ಇವೆರಡೂ ಹೂಗೊಂಚಲಿನ ತುದಿಯಲ್ಲಿ ಒತ್ತಾಗಿ ಗುಂಪುಗೂಡುತ್ತವೆ. ಮೂರನೆಯದಾದ ಹಸಿರು ಪೀಚ್ ಹೇನು ಕೆಳಗಿನ ಎಲೆಗಳ ಹಿಂದೆ ಚದುರಿಕೊಂಡು ಇರುತ್ತದೆ.

ಕುಡಿಯ ಹೇನುಗಳು ಎದ್ದು ಕಾಣುತ್ತವೆ, ಕೆಳಗಿನ ಎಲೆಯ ಹೇನು ಕಾಣುವುದಿಲ್ಲ. ಆದರೆ ಎಳೆಯ ಬೆಳೆಗೆ ಹಳದಿ ನಂಜುರೋಗ ತರುವುದರಲ್ಲಿ ಈ ಕಾಣದ ಹೇನಿನದೇ ದೊಡ್ಡ ಪಾತ್ರ. 2014ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕ್ಯಾನೋಲಾ ಹೊಲಗಳಲ್ಲಿ ಈ ರೋಗ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತ್ತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ರೈತರಿಗೆ ಹೇಳುವ ಮಾತು ಸರಳವಾಗಿದೆ: ಹೂವಿನ ಕಾಲದಲ್ಲಿ ಹೊಲದ ಹಲವು ಕಡೆ ಗಿಡಗಳ ತುದಿ ನೋಡಿ, ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಿಡಗಳ ತುದಿಗೆ ಹೇನು ಹತ್ತಿದ್ದರೆ ಮಾತ್ರ ಸಿಂಪರಣೆಯ ವಿಚಾರ ಮಾಡಿ.

ನಮ್ಮ ದೇಶದ ಪಂಜಾಬಿನಲ್ಲೂ ಕ್ಯಾನೋಲಾ ಗುಣದ ಗೋಭಿ ಸರಸೋಂ ತಳಿಗಳಿವೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಸಾಸಿವೆ ಬೆಳೆಗಾರರಿಗೆ ಕೊಡುವ ಅಳತೆ ಎಂದರೆ, ನಡುಕಾಂಡದ ತುದಿಯ 10 ಸೆಂ.ಮೀ. ಉದ್ದದಲ್ಲಿ 50 ರಿಂದ 60 ಹೇನು, ಇಲ್ಲವೇ ನೂರರಲ್ಲಿ 40 ರಿಂದ 50 ಗಿಡಗಳಿಗೆ ಹೇನು. ಎರಡು ನಾಡುಗಳ ಅಂಕಿಗಳು ಬೇರೆಬೇರೆ. ಹವೆ ಬೇರೆ, ಬೆಲೆ ಬೇರೆ, ಖರ್ಚು ಬೇರೆ ಇರುವುದರಿಂದ ಅಂಕಿ ಬೇರೆ ಇರಲೇಬೇಕು. ಆದರೆ ಎರಡೂ ಕಡೆ ಎಣಿಸುವ ಜಾಗ ಒಂದೇ, ಅದು ಗಿಡದ ತುದಿ. ಕುಸುಬೆಯಲ್ಲೂ ಎಣಿಸಬೇಕಾದ ಜಾಗ ಇದೇ. ನಾವು ಹೊರಗಿನಿಂದ ತರಬೇಕಾದದ್ದು ಅವರ ಅಂಕಿಯನ್ನಲ್ಲ, ನೋಡಿ ನಿರ್ಧರಿಸುವ ಅವರ ಅಭ್ಯಾಸವನ್ನು.

ಬದುವಿನಿಂದ ಒಳಕ್ಕೆ

ಕುಸುಬೆಗೆ ಮೊದಲು ಬರುವುದು ರೆಕ್ಕೆಯಿರುವ ಹೇನು. ಅದು ಗಾಳಿಯೊಡನೆ ತೇಲಿಬಂದು ಹೊಲದ ಅಂಚಿನ ಸಾಲುಗಳಲ್ಲಿ ಇಳಿಯುತ್ತದೆ. ಇಳಿದು ರೆಕ್ಕೆಯಿಲ್ಲದ ಮರಿಗಳನ್ನು ಹಾಕುತ್ತದೆ. ಈ ಮರಿಗಳು ದೂರ ಹೋಗಲಾರವು, ಅಲ್ಲೇ ಗುಂಪಾಗುತ್ತವೆ. ಗುಂಪು ಒತ್ತಾದಾಗ ಅಥವಾ ಕುಡಿ ಬಲಿತಾಗ ಮತ್ತೆ ರೆಕ್ಕೆಯ ಹೇನುಗಳು ಹುಟ್ಟಿ ಒಳಗಿನ ಸಾಲುಗಳಿಗೆ ಹಾರುತ್ತವೆ. ಅಂಚಿಗೆ ಬಂದ ದಿನಕ್ಕೂ ಒಳಕ್ಕೆ ಹಾರುವ ದಿನಕ್ಕೂ ನಡುವೆ ಇರುವ ಸ್ವಲ್ಪ ಕಾಲವೇ ರೈತನ ಕೈಯಲ್ಲಿರುವ ಕಾಲ.

ಇಲ್ಲಿ ಮತ್ತೊಂದು ಸಣ್ಣ ಲೆಕ್ಕ. ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 209 ಅಡಿ. ಸುತ್ತಲೂ 10 ಅಡಿ ಅಗಲದ ಅಂಚನ್ನು ಅಳೆದರೆ ಅದು ಏಳು ಗುಂಟೆಗಿಂತ ತುಸು ಹೆಚ್ಚು, ಅಂದರೆ ಎಕರೆಯ ಐದನೇ ಒಂದು ಪಾಲಿಗಿಂತ ಕಡಿಮೆ. ನಾಲ್ಕು ಎಕರೆಯ ಚೌಕ ಹೊಲದಲ್ಲಿ ಇದೇ ಅಂಚು ಸುಮಾರು 15 ಗುಂಟೆ, ಹತ್ತನೇ ಒಂದು ಪಾಲೂ ಇಲ್ಲ. ಇಡೀ ಎಕರೆಗೆ ಹತ್ತು ಪಂಪು ದ್ರಾವಣ ಬೇಕಾಗುವ ಕಡೆ ಅಂಚಿಗೆ ಎರಡು ಪಂಪು ಸಾಕು. ನೀರು ಹೊರುವ ಶ್ರಮ, ಆಳಿನ ಕೂಲಿ, ಔಷಧಿಯ ಬೆಲೆ ಎಲ್ಲವೂ ಇದೇ ಪ್ರಮಾಣದಲ್ಲಿ ಇಳಿಯುತ್ತವೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ಕುಸುಬೆಯಲ್ಲಿ ಇನ್ನೊಂದು ವಿಶೇಷವಿದೆ. ಮುಳ್ಳಿನ ತಳಿ ಕವಲೊಡೆದು ಸಾಲು ಕೂಡಿಕೊಂಡ ಮೇಲೆ ಮನುಷ್ಯ ಒಳಗೆ ಹೋಗುವುದೇ ಕಷ್ಟ. ಬೆನ್ನಿಗೆ ಪಂಪು ಹೊತ್ತು ಮುಳ್ಳಿನ ನಡುವೆ ನಡೆದು ಪ್ರತಿಯೊಂದು ಕುಡಿಗೂ ದ್ರಾವಣ ತಲುಪಿಸುತ್ತೇನೆ ಎನ್ನುವುದು ಕಾಗದದ ಮೇಲಿನ ಮಾತು. ತಡವಾಗಿ ಹೊಡೆದ ಔಷಧಿ ಅರ್ಧ ನೆಲಕ್ಕೆ, ಉಳಿದರ್ಧ ಬಲಿತ ಎಲೆಗೆ ಬೀಳುತ್ತದೆ. ಹೇನು ಮಾತ್ರ ಕುಡಿಯಲ್ಲಿ ಸುಖವಾಗಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ನೋಡುವುದು ಹೇಗೆ?

ಬಿತ್ತಿದ ಒಂದು ತಿಂಗಳಾದ ಮೇಲೆ ವಾರಕ್ಕೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಸಂತೆಯ ಮರುದಿನವೋ ಮತ್ತೊಂದೋ, ನೆನಪಿರುವ ದಿನವಾದರೆ ಸಾಕು. ಬೆಳಿಗ್ಗೆ ಹೊಲದ ನಾಲ್ಕೂ ಬದಿಯ ಬದುವಿನ ಮೇಲೆ ನಡೆಯಿರಿ. ಪ್ರತಿ ಬದಿಯಲ್ಲಿ ಅಲ್ಲಲ್ಲಿ ಹತ್ತು ಗಿಡ ನೋಡಿ. ಕುಡಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಬಾಗಿಸಿ, ತುದಿಯ ಮೂರು ಬೆರಳಗಲದಷ್ಟು ಭಾಗವನ್ನೂ ಎಳೆಯ ಎಲೆಗಳ ಕೆಳಭಾಗವನ್ನೂ ಗಮನಿಸಿ. ಹತ್ತರಲ್ಲಿ ಎಷ್ಟು ಗಿಡಕ್ಕೆ ಹೇನು ಹತ್ತಿದೆ ಎಂದು ಬರೆದಿಟ್ಟುಕೊಳ್ಳಿ. ನಂತರ ಹೊಲದ ನಡುವೆ ಎರಡು ಮೂರು ಕಡೆ ಇದೇ ರೀತಿ ನೋಡಿ. ಇದಕ್ಕೆ ಬೇಕಾಗುವುದು ಅರ್ಧ ಗಂಟೆ.

ಕುಡಿ ನೋಡುವ ಮೊದಲೇ ಸುಳಿವು ಕೊಡುವ ಗುರುತುಗಳಿವೆ. ಗಿಡದ ಮೇಲೆ ಇರುವೆ ಸಾಲಾಗಿ ಏರುತ್ತಿದ್ದರೆ, ಕೆಳಗಿನ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದರೆ, ಎಲೆಯ ಮೇಲೆ ಬಿಳಿಯ ಪೊರೆಗಳು ಉದುರಿದ್ದರೆ ಮೇಲೆ ಹೇನು ಇದೆ ಎಂದೇ ತಿಳಿಯಿರಿ. ಮೋಡ ಕವಿದ ತಂಪು ದಿನಗಳಲ್ಲಿ ವಾರಕ್ಕೆ ಎರಡು ಸಲ ನೋಡುವುದು ಒಳ್ಳೆಯದು.

ಅಂಚಿನ ಸಾಲುಗಳಲ್ಲಿ ಒಂದೆರಡು ಗಿಡಕ್ಕೆ ಮಾತ್ರ ಹೇನು ಕಂಡರೆ ಆ ಕುಡಿಗಳನ್ನು ಚಿವುಟಿ ಚೀಲದಲ್ಲಿ ಹಾಕಿ ಹೊರಗೆ ಒಯ್ದು ನಾಶಮಾಡಿ. ಸಾಸಿವೆಯಲ್ಲಿ ಹೇನು ಹತ್ತಿದ ತುದಿಗಳನ್ನು ಆರಂಭದಲ್ಲೇ ಕಿತ್ತು ಹಾಕುವುದು ಶಿಫಾರಸಾದ ಕ್ರಮವೇ ಆಗಿದೆ. ಅಂಚಿನಲ್ಲಿ ಹತ್ತರಲ್ಲಿ ಎರಡು ಮೂರು ಗಿಡಗಳಿಗೆ ಗುಂಪು ಹತ್ತಿ, ನಡುವಿನಲ್ಲಿ ಇನ್ನೂ ಇಲ್ಲದಿದ್ದರೆ ಅಂಚಿನ ಸಾಲುಗಳಿಗೆ ಮಾತ್ರ ಸಿಂಪರಣೆ ಮಾಡಿ. ಶೇಕಡಾ 5ರ ಬೇವಿನ ಬೀಜದ ಕಷಾಯದಿಂದ ಆರಂಭಿಸಬಹುದು. ಅದು ಸಾಲದಿದ್ದರೆ ಶಿಫಾರಸಿನಲ್ಲಿರುವ ಡೈಮಿಥೋಯೇಟ್ 30 ಇ.ಸಿ.ಯನ್ನು ಲೀಟರ್ ನೀರಿಗೆ 1.7 ಮಿ.ಲೀ. ಪ್ರಮಾಣದಲ್ಲಿ, ನಳಿಕೆಯನ್ನು ಕುಡಿಗೆ ಹಿಡಿದು ಸಿಂಪಡಿಸಬೇಕು. ಕೊಳ್ಳುವ ಮುನ್ನ ಆ ವರ್ಷದ ಶಿಫಾರಸನ್ನೂ ಡಬ್ಬಿಯ ಮೇಲಿನ ಚೀಟಿಯನ್ನೂ ಓದಿರಿ. ಕೈಗವಸು, ಮುಖಕ್ಕೆ ಬಟ್ಟೆ ಮರೆಯಬಾರದು. ನಮ್ಮ ಕಡೆ ಎಳೆಯ ಕುಸುಬೆಯನ್ನು ಸೊಪ್ಪಿನ ಪಲ್ಯಕ್ಕೂ ಬಳಸುತ್ತೇವೆ. ಔಷಧಿ ಹೊಡೆದ ಸಾಲಿನ ಸೊಪ್ಪು ಅಡಿಗೆಮನೆಗೂ ಬೇಡ, ದನದ ಗೋದಲಿಗೂ ಬೇಡ.

ಹೂ ಬಿಟ್ಟ ಮೇಲೆ ಸಿಂಪರಣೆಯನ್ನು ಆದಷ್ಟು ತಪ್ಪಿಸಿ. ಕುಸುಬೆಯ ಹೂವಿಗೆ ಜೇನುನೊಣ ಹೇರಳವಾಗಿ ಬರುತ್ತದೆ. ಅನಿವಾರ್ಯವಾದರೆ ಜೇನು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ ಮಾಡಿ. ತೆನೆಯಲ್ಲಿ ಕಾಳು ಗಟ್ಟಿಯಾಗಿ, ಕಾಂಡ ಒಣಗಲು ಆರಂಭಿಸಿದ ಮೇಲೆ ಕಾಣುವ ಹೇನಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಗಿಡ ಒಣಗಿದಂತೆ, ಬಿಸಿಲು ಏರಿದಂತೆ ಅದು ತಾನೇ ಬಿಟ್ಟು ಹೋಗುತ್ತದೆ. ಹೇನು ಕಂಡಿತು ಎಂಬುದೊಂದೇ ಸಿಂಪರಣೆಗೆ ಕಾರಣವಾಗಬಾರದು. ಹೇನಿನಿಂದ ಇನ್ನು ಮುಂದೆ ನಷ್ಟವಾಗಲಿದೆ ಎಂಬುದು ಮಾತ್ರ ಕಾರಣವಾಗಬೇಕು.

ಕೂಲಿ ಕೇಳದ ಆಳುಗಳು

ಹೇನಿನ ಗುಂಪಿನ ನಡುವೆ ಕೆಂಪು ಬೆನ್ನಿನ ಮೇಲೆ ಕಪ್ಪು ಗುರುತಿರುವ ಗುಲಗಂಜಿ ಹುಳುವನ್ನು ನೀವೆಲ್ಲ ನೋಡಿದ್ದೀರಿ. ಅದರ ಮರಿ ಮಾತ್ರ ಬೇರೆಯೇ ರೂಪದ್ದು. ಬೂದುಗಪ್ಪು ಬಣ್ಣ, ಮೈಮೇಲೆ ಕಿತ್ತಳೆ ಚುಕ್ಕೆ, ಮೊಸಳೆಯ ಆಕಾರ. ಇದನ್ನೇ ಬೆಳೆ ತಿನ್ನುವ ಹುಳುವೆಂದು ಕೊಂದವರಿದ್ದಾರೆ. ಹೇನನ್ನು ತಿನ್ನುವುದರಲ್ಲಿ ಈ ಮರಿಯೂ ದೊಡ್ಡ ಹುಳುವಿಗಿಂತ ಕಡಿಮೆಯಿಲ್ಲ. ಇದರ ಜೊತೆಗೆ ಹಸಿರು ಜಾಲರಿ ರೆಕ್ಕೆಯ ಕ್ರೈಸೋಪರ್ಲಾ ಮರಿ, ಸಿರ್ಫಿಡ್ ನೊಣದ ಕಾಲಿಲ್ಲದ ಮರಿ ಸಹ ಹೇನಿನ ವೈರಿಗಳು. ಗುಂಪಿನಲ್ಲಿ ಕೆಲವು ಹೇನು ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ ಅಲುಗಾಡದೆ ಅಂಟಿಕೊಂಡಿದ್ದರೆ, ಅವುಗಳೊಳಗೆ ಚಿಕ್ಕ ಕಣಜದ ಮರಿ ಬೆಳೆಯುತ್ತಿದೆ ಎಂದು ಅರ್ಥ.

ಈ ಆಳುಗಳ ಕೆಲಸದ ಬೆಲೆಯನ್ನು ಮತ್ತೆ ಲೆಕ್ಕದಲ್ಲೇ ನೋಡೋಣ. ಇವು ಹೇನನ್ನು ಪೂರ್ತಿ ಮುಗಿಸಬೇಕಾಗಿಲ್ಲ. ವಾರಕ್ಕೆ ಐದು ಪಟ್ಟು ಬೆಳೆಯುವುದನ್ನು ಎರಡು ಪಟ್ಟಿಗೆ ಇಳಿಸಿದರೆ ಸಾಕು. ಆಗ 5 ಹೇನು ಮೂರು ವಾರದಲ್ಲಿ 625 ಆಗುವ ಬದಲು 40 ಆಗುತ್ತದೆ. ಅಷ್ಟರಲ್ಲಿ ಗಿಡ ಕುಡಿಯ ಹಂತ ದಾಟಿರುತ್ತದೆ.

ಇದು ಬರೀ ಲೆಕ್ಕದ ಮಾತಲ್ಲ. 2002ರಲ್ಲಿ ಮಹಾರಾಷ್ಟ್ರದ ದಕ್ಷಿಣ ಭಾಗದಲ್ಲಿಯೂ ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೂ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದದ್ದನ್ನು ಕಬ್ಬು ಬೆಳೆಗಾರರು ಮರೆತಿಲ್ಲ. ಎಲೆಯ ಹಿಂಬದಿಯೆಲ್ಲ ಹತ್ತಿ ಅಂಟಿಸಿದಂತೆ ಬೆಳ್ಳಗಾಗಿತ್ತು. ಆಳೆತ್ತರ ಬೆಳೆದ ಕಬ್ಬಿನಲ್ಲಿ ಎಲೆಯ ಹಿಂದೆ ಕುಳಿತ ಹೇನಿಗೆ ಔಷಧಿ ತಲುಪಿಸುವುದು ಬಹು ಕಷ್ಟವಾಗಿತ್ತು. ಕೊನೆಗೆ ಅದನ್ನು ಹದ್ದಿಗೆ ತರುವಲ್ಲಿ ಡೈಫಾ ಮತ್ತು ಮೈಕ್ರೋಮಸ್ ಎಂಬ ಪರಭಕ್ಷಕಗಳೂ ಎನ್ಕಾರ್ಸಿಯಾ ಎಂಬ ಪರಾವಲಂಬಿ ಕಣಜವೂ ಮುಖ್ಯ ಪಾತ್ರ ವಹಿಸಿದವು. ಔಷಧಿ ಹೊಡೆಯದೆ ಬಿಟ್ಟ ತಾಕುಗಳು ಇಂಥ ಹುಳುಗಳಿಗೆ ತವರುಮನೆಯಾಗುತ್ತವೆ.

ಕಡಲೆ, ಗೋಧಿ, ಜೋಳದ ನಡುವೆ ಕುಸುಬೆಯ ಅಕ್ಕಡಿ ಸಾಲು ಹಾಕುವ ನಮ್ಮ ಹಿರಿಯರ ಪದ್ಧತಿಯನ್ನು ಈ ದೃಷ್ಟಿಯಿಂದಲೂ ನೋಡಬೇಕು. ಕುಸುಬೆಯ ಕರಿ ಹೇನು ಜೋಳಕ್ಕೆ ಹೋಗುವುದಿಲ್ಲ, ಜೋಳದ ಹೇನು ಕುಸುಬೆಗೆ ಬರುವುದಿಲ್ಲ. ಗುಲಗಂಜಿ ಹುಳುವಿಗೆ ಮಾತ್ರ ಎರಡೂ ಊಟವೇ. ಕುಸುಬೆಯ ಸಾಲಿನಲ್ಲಿ ಸ್ವಲ್ಪ ಹೇನು ಉಳಿದರೆ ಅದನ್ನು ತಿಂದು ಬೆಳೆದ ಗುಲಗಂಜಿ ಜೋಳದ ಹೇನಿಗೂ ಕಾವಲಾಗುತ್ತದೆ. ಹೊಲದಲ್ಲಿ ಒಂದೂ ಹೇನು ಇರಬಾರದು ಎಂಬ ಹಟ ಈ ಕಾವಲನ್ನು ಕಳೆಯುತ್ತದೆ.

ಬಿತ್ತುವ ದಿನವೇ ಅರ್ಧ ಹತೋಟಿ

ಕುಸುಬೆಯನ್ನು ಸೆಪ್ಟೆಂಬರ್ ಎರಡನೆಯ ಪಾಕ್ಷಿಕದಿಂದ ಅಕ್ಟೋಬರ್ ಮೊದಲನೆಯ ಪಾಕ್ಷಿಕದೊಳಗೆ ಬಿತ್ತಿದರೆ, ಹೇನಿಗೆ ಅನುಕೂಲವಾದ ಡಿಸೆಂಬರ್ ಕೊನೆ ಮತ್ತು ಜನವರಿಯ ಚಳಿ ಬರುವಷ್ಟರಲ್ಲಿ ಗಿಡ ಕವಲೊಡೆದು ಮೊಗ್ಗು ಬಿಟ್ಟು ಬಲಿತಿರುತ್ತದೆ. ನವೆಂಬರಿನಲ್ಲಿ ಬಿತ್ತಿದ ಬೆಳೆಯ ಎಳೆಯ ಕುಡಿಗೂ ಹೇನಿನ ಹಂಗಾಮಿಗೂ ಗಂಟು ಬೀಳುತ್ತದೆ. ಹಾಗೆಯೇ ಅಗತ್ಯಕ್ಕಿಂತ ಹೆಚ್ಚು ಯೂರಿಯಾ ಹಾಕಿದರೆ ಕುಡಿ ಬಹುಕಾಲ ಎಳೆಯದಾಗಿ, ರಸಭರಿತವಾಗಿ ಉಳಿಯುತ್ತದೆ. ಹೇನಿಗೆ ನಾವೇ ಹಬ್ಬದೂಟ ಬಡಿಸಿದಂತೆ. ಮಳೆಯ ಕಾರಣದಿಂದ ಬಿತ್ತನೆ ತಡವಾಗುವುದು ರೈತನ ಕೈಯಲ್ಲಿಲ್ಲ, ನಿಜ. ಆದರೆ ತಡವಾಗಿ ಬಿತ್ತಿದವನು ಬೇಗ ಬಿತ್ತಿದವನಿಗಿಂತ ಹೆಚ್ಚು ಎಚ್ಚರದಿಂದ ಬದು ಸುತ್ತಬೇಕು ಎಂಬುದು ಅವನ ಕೈಯಲ್ಲಿದೆ.

ಬರಬಹುದಾದ ಆಕ್ಷೇಪಣೆಗಳು

"ನಾನೊಬ್ಬ ನೋಡಿ ಹೊಡೆದರೇನು, ಪಕ್ಕದ ಹೊಲದವರು ಬಿಟ್ಟರೆ ಅಲ್ಲಿಂದ ಬರುವುದಿಲ್ಲವೇ?" ಎಂದು ಕೇಳಬಹುದು. ಬರುತ್ತದೆ. ಆದರೆ ಬರುವುದು ಅಂಚಿಗೇ. ವಾರಕ್ಕೊಮ್ಮೆ ಅಂಚು ನೋಡುವವನಿಗೆ ನೆರೆಯ ಹೇನು ಮೊದಲ ವಾರದಲ್ಲೇ ಸಿಕ್ಕಿಬೀಳುತ್ತದೆ. ಒಂದೇ ದಿಬ್ಬದ ನಾಲ್ಕು ಜನ ಸರದಿಯಂತೆ ಎಲ್ಲರ ಬದುವನ್ನೂ ನೋಡಿಕೊಂಡರೆ ಇನ್ನೂ ಒಳ್ಳೆಯದು.

"ನಮಗೆ ಅಷ್ಟು ಪುರಸೊತ್ತಿಲ್ಲ" ಎಂಬುದು ಎರಡನೆಯ ಆಕ್ಷೇಪಣೆ. ಇಡೀ ಹೊಲಕ್ಕೆ ಎರಡು ಸಲ ಸಿಂಪರಣೆ ಮಾಡಲು ಬೇಕಾಗುವ ದಿನಗಳ ಮುಂದೆ, ಎಂಟು ವಾರ ಅರ್ಧರ್ಧ ಗಂಟೆ ನಡೆಯುವುದು ದೊಡ್ಡದಲ್ಲ. ಆ ನಡಿಗೆಯಲ್ಲಿ ಹೇನಿನ ಜೊತೆಗೆ ಎಲೆಚುಕ್ಕೆ, ಬಾಡುರೋಗ, ದನ ನುಗ್ಗಿದ ಜಾಗ ಎಲ್ಲವೂ ಕಣ್ಣಿಗೆ ಬೀಳುತ್ತವೆ.

ಮೂರನೆಯ ಮಾತು, "ಒಳ್ಳೆಯ ಹೊಸ ಔಷಧಿ ಬಂದರೆ ಇದೆಲ್ಲ ಬೇಕಿಲ್ಲ" ಎಂಬುದು. ಔಷಧಿಗಳ ಕಥೆಯನ್ನು ನೋಡಿ. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಬಿ.ಎಚ್.ಸಿ. ಪುಡಿಗೆ 1997ರಲ್ಲಿ ನಿಷೇಧ ಬಂತು. ಎಂಡೋಸಲ್ಫಾನ್ 2011ರಲ್ಲಿ ಹೋಯಿತು. ರಸ ಹೀರುವ ಕೀಟಗಳಿಗೆಂದೇ ಹೆಸರಾಗಿದ್ದ ಫಾಸ್ಫಾಮಿಡಾನ್ 2020ರ ಕೊನೆಗೆ ಹೋಯಿತು. ಇಂದು ಬಳಕೆಯಲ್ಲಿರುವುದು ನಾಳೆಯೂ ಇರುತ್ತದೆ ಎಂಬ ಭರವಸೆ ಇಲ್ಲ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದ ಕಡೆ ಹೇನು ಅದಕ್ಕೆ ಜಗ್ಗದಂತಾಗುವುದೂ ಉಂಟು. ಆಸ್ಟ್ರೇಲಿಯಾದ ಹಸಿರು ಪೀಚ್ ಹೇನು ಹಲವು ಗುಂಪಿನ ಔಷಧಿಗಳಿಗೆ ಹೀಗೆ ನಿರೋಧಶಕ್ತಿ ಗಳಿಸಿಕೊಂಡಿದೆ. ಔಷಧಿಗಳ ಹೆಸರು ಬದಲಾದವು, ಹೇನು ಕೂರುವ ಜಾಗ ಬದಲಾಗಲಿಲ್ಲ. ಅದು ಅಂದೂ ಕುಡಿಯಲ್ಲೇ ಕೂರುತ್ತಿತ್ತು, ಇಂದೂ ಅಲ್ಲೇ ಕೂರುತ್ತದೆ. ಆ ಜಾಗವನ್ನು ಅರಿತವನ ತಿಳಿವಳಿಕೆಗೆ ಯಾರೂ ನಿಷೇಧ ಹಾಕಲಾರರು, ಅದಕ್ಕೆ ಅವಧಿ ಮುಗಿಯುವ ದಿನಾಂಕವೂ ಇಲ್ಲ.

ವಿಸ್ತರಣಾ ಕಾರ್ಯಕರ್ತರಿಗೂ ಒಂದು ಮಾತು ಹೇಳಬೇಕಾಗಿದೆ. ಕೀಟ ಹತೋಟಿಯ ಕರಪತ್ರದ ಮೊದಲ ಸಾಲಿನಲ್ಲಿ ಔಷಧಿಯ ಹೆಸರಿದ್ದರೆ ರೈತನ ಕಣ್ಣು ಅಲ್ಲಿಗೇ ನಿಲ್ಲುತ್ತದೆ. ಮೊದಲು ಗಿಡದ ಚಿತ್ರ ಇರಲಿ, ಹೇನು ಕೂರುವ ಭಾಗಕ್ಕೆ ಗುರುತು ಇರಲಿ, ಹೊಲದ ಅಂಚಿಗೆ ಗೆರೆ ಎಳೆದಿರಲಿ, ಗುಲಗಂಜಿಯ ಮರಿಯ ಚಿತ್ರವೂ ಇರಲಿ. ಔಷಧಿಯ ಹೆಸರು ಕೊನೆಯ ಸಾಲಿಗೆ ಬರಲಿ. ಪ್ರಾತ್ಯಕ್ಷಿಕೆ ಎಂದರೆ ಪಂಪು ಹೊತ್ತು ತೋರಿಸುವುದು ಮಾತ್ರವಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಹತ್ತು ಜನ ರೈತರನ್ನೂ ರೈತ ಮಹಿಳೆಯರನ್ನೂ ಬದುವಿನ ಮೇಲೆ ನಡೆಸಿ, ಅವರ ಕೈಯಿಂದಲೇ ಕುಡಿ ಬಾಗಿಸಿ ಎಣಿಸಿಸುವುದೂ ಪ್ರಾತ್ಯಕ್ಷಿಕೆಯೇ. ಕಳೆ ತೆಗೆಯುವಾಗ, ಸೊಪ್ಪು ಕೀಳುವಾಗ ಗಿಡಕ್ಕೆ ಅತಿ ಹತ್ತಿರವಿರುವವರು ಮಹಿಳೆಯರು. ಹೇನನ್ನು ಮೊದಲು ಕಾಣುವವರೂ ಅವರೇ.

ಬರುವ ಹಿಂಗಾರಿಯಲ್ಲಿ ಕುಸುಬೆ ಬಿತ್ತುವವರು ಬೀಜ, ಗೊಬ್ಬರದ ಜೊತೆಗೆ ವಾರಕ್ಕೆ ಅರ್ಧ ಗಂಟೆಯನ್ನೂ ಹೊಲಕ್ಕೆ ತೆಗೆದಿಡಲಿ. ಎಷ್ಟು ಗಿಡ ನೋಡಿದಿರಿ, ಎಷ್ಟಕ್ಕೆ ಹೇನಿತ್ತು, ಗುಲಗಂಜಿ ಎಷ್ಟು ಕಂಡಿತು ಎಂದು ಒಂದು ವಹಿಯಲ್ಲಿ ಬರೆದಿಡಲಿ. ಆ ವಹಿ ಹಿಡಿದು ಬಂದ ರೈತನಿಗೆ ಕೊಡುವ ಸಲಹೆಗೂ, ಬರಿಗೈಯಲ್ಲಿ ಬಂದವನಿಗೆ ಕೊಡುವ ಸಲಹೆಗೂ ಅಜಗಜಾಂತರವಿದೆ. ಎರಡು ಹಂಗಾಮು ಹೀಗೆ ಬರೆದ ಮೇಲೆ ಅವನಿಗೆ ಸಲಹೆ ಕೇಳುವ ಅಗತ್ಯವೇ ಬಾರದಿರಬಹುದು.